ಒಂದು ತೆರೆ, ಎರಡು ಯಂತ್ರ

ಕೊಡ ಬರಿದಾಗಿ ಮೇಲೆ ಬಂದಿತೆಂದು ಬಾವಿಯೇ ಬತ್ತಿತೆಂದು ಯಾರೂ ಹೇಳುವುದಿಲ್ಲ. ಮೊದಲು ಕೊಡದ ತಳವನ್ನು ನೋಡುವರು. ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ವಿವೇಕವು ಸುಶಿಕ್ಷಿತರ ಮನೆಗಳಲ್ಲಿಯೂ ಅಪರೂಪ. ತೆರೆಯು ಕಪ್ಪಾದೊಡನೆ ಯಂತ್ರವು ಸತ್ತಿತೆಂಬ ತೀರ್ಪು ಹೊರಟುಬಿಡುವುದು.

ಮಲೆನಾಡಿನ ಒಬ್ಬ ನಿವೃತ್ತ ಉಪಾಧ್ಯಾಯರ ಮನೆಯಲ್ಲಿಯೂ ಹಾಗೆಯೇ ಆಯಿತು. ಅವರ ಮೇಜಿನ ಕೆಳಗೆ ಎರಡು ಗಣಕಯಂತ್ರಗಳು: ಒಂದು ಮನೆಯಿಂದಲೇ ಉದ್ಯೋಗ ಮಾಡುವ ಮಗಳದು, ಇನ್ನೊಂದು ಅವರ ಹಳೆಯದು. ಮೇಜು ಚಿಕ್ಕದಾದುದರಿಂದ ತೆರೆ, ಕೀಲಿಮಣೆ, ಮೌಸ್ ಮೂರೂ ಎರಡಕ್ಕೂ ಸಮಾನ. ನಡುವೆ ಕೆ.ವಿ.ಎಂ. ಸ್ವಿಚ್ಚೆಂಬ ಅಂಗೈಯಗಲದ ಪೆಟ್ಟಿಗೆ. ಅದರ ಗುಂಡಿಯನ್ನೊತ್ತಿದರೆ ಮೂರೂ ಒಟ್ಟಿಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವುವು. ಹಳೆಯ ಯಂತ್ರದಲ್ಲಿದ್ದುದು, ತೀರಿಹೋದ ಪತ್ನಿಯ ಬಾಯಿಂದ ಕೇಳಿ ಬರೆದಿಟ್ಟ ಮದುವೆಯ ಹಾಡುಗಳು. ಬೇರೆಲ್ಲಿಯೂ ಪ್ರತಿಯಿರಲಿಲ್ಲ.

ಒಂದು ದಿನ ಗಾಳಿಮಳೆಗೆ ಕರೆಂಟು ಹೋಗಿ ಬಂದಿತು. ಮಗಳು ಎರಡು ಯಂತ್ರಗಳನ್ನೂ ಹೊರಡಿಸಿ ತನ್ನ ಕೆಲಸಕ್ಕೆ ಕುಳಿತಳು. ಸಂಜೆ ಉಪಾಧ್ಯಾಯರು ಗುಂಡಿಯನ್ನೊತ್ತಿದರೆ ತೆರೆಯೆಲ್ಲ ಅಮಾವಾಸ್ಯೆ.

"ಅಪ್ಪಯ್ಯ, ಹಳೆಯದರ ಕಾಲ ಮುಗಿಯಿತು. ಗುಜರಿಗೆ ಹಾಕೋಣ."

ಅವರು ಉತ್ತರ ಕೊಡಲಿಲ್ಲ. ಯಂತ್ರದೊಳಗೆ ಫ್ಯಾನು ತಿರುಗುತ್ತಿತ್ತು, ದೀಪವೂ ಉರಿಯುತ್ತಿತ್ತು. ಯಂತ್ರವನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ಬದಿಗಿಟ್ಟು, ತೆರೆಯ ಕೇಬಲನ್ನು ನೇರವಾಗಿ ಅದಕ್ಕೇ ಜೋಡಿಸಿ ಮತ್ತೆ ಹೊರಡಿಸಿದರು. ತೆರೆ ಬೆಳಗಿತು. ಮಧ್ಯಸ್ಥನನ್ನು ಹೊರಗೆ ಕಳುಹಿಸಿ ಮಾತನಾಡಿಸುವ ಈ ಉಪಾಯಕ್ಕಿಂತ ಉತ್ತಮವಾದ ಪರೀಕ್ಷೆಯು ಈ ವಿಷಯದಲ್ಲಿ ಇನ್ನೊಂದಿಲ್ಲ. ಅಂದು ರಾತ್ರಿಯೇ ಹಾಡುಗಳೆಲ್ಲ ಬೇರೊಂದು ಡಿಸ್ಕಿಗೆ ಪ್ರತಿಯಾದುವು.

ಕಾರಣವು ಆಮೇಲೆ ತಿಳಿಯಿತು. ಪ್ರತಿಯೊಂದು ತೆರೆಯೊಳಗೂ 128 ಬೈಟುಗಳ ಒಂದು ಜಾತಕವುಂಟು: ತಯಾರಿಸಿದವರು ಯಾರು, ಉದ್ದಗಲವೆಷ್ಟು, ಎಂತಹ ಚಿತ್ರವನ್ನು ತಾಳಬಲ್ಲುದು. 1994ರಲ್ಲಿ ಬಂದ ಈ ಏರ್ಪಾಡಿಗೆ ಇ.ಡಿ.ಐ.ಡಿ. ಎಂದು ಹೆಸರು. ಯಂತ್ರವು ಏಳುವಾಗ ಜಾತಕವನ್ನು ಕೇಳುವುದು. ಆ ಹೊತ್ತಿಗೆ ಪೆಟ್ಟಿಗೆಯು ಮಗಳ ಕಡೆಗೆ ತಿರುಗಿದ್ದಿತು. ಹಳೆಯದಕ್ಕೆ ಉತ್ತರ ಬರಲಿಲ್ಲ. ತೆರೆಯೇ ಇಲ್ಲವೆಂದು ತಿಳಿದು ಅದು ಚಿತ್ರವನ್ನು ಕಳುಹಿಸಲಿಲ್ಲ. ಹೆಚ್ಚು ಬೆಲೆಯ ಕೆಲವು ಪೆಟ್ಟಿಗೆಗಳು ಜಾತಕದ ನಕಲನ್ನು ಇಟ್ಟುಕೊಂಡು ಎರಡು ಕಡೆಗೂ ಉತ್ತರ ಕೊಡುತ್ತವೆ. ಈ ಮನೆಯದು ಅಂತಹದಲ್ಲ. ಆದುದರಿಂದ ಮೊದಲು ಗುಂಡಿಯನ್ನು ಹಳೆಯದರತ್ತ ತಿರುಗಿಸಿ ಬಳಿಕ ಅದನ್ನು ಹೊರಡಿಸುವುದೆಂದು ಗೊತ್ತಾಯಿತು.

ಮೌಸಿನ ತೊಂದರೆಯು ಬೇಗನೆ ಮುಗಿಯಿತು. ಯು.ಎಸ್.ಬಿ.ಯ ಎರಡನೆಯ ಆವೃತ್ತಿಯ ಒಂದು ಕಿಂಡಿಯಿಂದ ದೊರೆಯುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರು ಮಾತ್ರ. ಅಷ್ಟರಲ್ಲಿಯೇ ಪೆಟ್ಟಿಗೆ, ಕೀಲಿಮಣೆ, ಮೌಸ್, ಮೇಲೆ ಮಗಳು ಸಿಕ್ಕಿಸಿದ ಡಿಸ್ಕು ಎಲ್ಲವೂ ಬದುಕಬೇಕು! ಡಿಸ್ಕನ್ನು ಕಿತ್ತೊಡನೆ ಮೌಸ್ ಸರಿಹೋಯಿತು.

ಕೀಲಿಮಣೆಯದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮಗಳು ತಂದ ಹೊಸ ಕೀಲಿಮಣೆಯಲ್ಲಿ ಸಂಗೀತಕ್ಕೂ ಧ್ವನಿಗೂ ಬೇರೆ ಬೇರೆ ಕೀಲಿಗಳಿವೆ. ಪೆಟ್ಟಿಗೆಯ ಕೀಲಿಮಣೆಯ ಕಿಂಡಿಯು ಸಾದಾ ಕೀಲಿಮಣೆಯ ಭಾಷೆಯನ್ನು ಮಾತ್ರ ಬಲ್ಲುದಾಗಿ, ಇದನ್ನು ಮೂಗನಂತೆ ನಡೆಸಿಕೊಂಡಿತು. ಪಕ್ಕದ ಸಾಮಾನ್ಯ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸಿದರೆ ಎಲ್ಲ ಕೀಲಿಗಳೂ ನುಡಿಯುವುವು. ಆದರೆ ಸ್ಕ್ರೋಲ್ ಲಾಕ್ ಕೀಲಿಯನ್ನು ಎರಡು ಸಲ ಒತ್ತಿ ಯಂತ್ರವನ್ನು ಬದಲಿಸುವ ಅನುಕೂಲವು ತಪ್ಪುವುದು. ಸದ್ಯಕ್ಕೆ ಮಗಳ ಪಕ್ಷವೇ ಗೆದ್ದಿದೆ. ಉಪಾಧ್ಯಾಯರು ಹಾಡು ಬರೆಯಲು ಕುಳಿತಾಗ ಕೈ ಚಾಚಿ ಪೆಟ್ಟಿಗೆಯ ಗುಂಡಿಯನ್ನೇ ಒತ್ತುತ್ತಾರೆ.