ವಿಮಾನದ ಮೂಗಿನೊಳಗೆ ಕಾಲು ಗಂಟೆ

ಬೆಂಗಳೂರಿನಿಂದ ಮಂಗಳೂರಿಗೆ ನಾವು ಈವರೆಗೆ ಹೋದುದೆಲ್ಲ ಶಿರಾಡಿ ಘಟ್ಟದ ದಾರಿಯಿಂದಲೇ. ಈ ಸಲ ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ವಿಮಾನವನ್ನೇರಿದೆವು. ಬಜಪೆಯಲ್ಲಿಳಿದು ಜನರೆಲ್ಲ ಗಂಟುಮೂಟೆಗಳನ್ನು ತೆಗೆದುಕೊಳ್ಳುತ್ತಿರುವಾಗ ಪರಿಚಾರಿಕೆಯೊಬ್ಬಳು ಬಂದು, "ತಾವು ಸ್ವಲ್ಪ ಕುಳಿತಿರಬೇಕಂತೆ, ಕ್ಯಾಪ್ಟನ್ ಹೇಳಿದ್ದಾರೆ" ಎಂದಳು. ಏನು ತಪ್ಪು ಮಾಡಿದೆವೋ ಎಂದು ಗಾಬರಿಪಟ್ಟುದು ಸುಳ್ಳಲ್ಲ. ಎಲ್ಲರೂ ಇಳಿದ ಮೇಲೆ ಮುಂದಿನ ಬಾಗಿಲು ತೆರೆದು, ಭುಜದ ಮೇಲೆ ನಾಲ್ಕು ಪಟ್ಟಿಗಳನ್ನು ಧರಿಸಿದ ದೀರ್ಘಕಾಯನೊಬ್ಬನು ಹೊರಬಂದು ನಮ್ಮ ಕಾಲು ಮುಟ್ಟಿದನು. "ಗುರುತು ಸಿಕ್ಕಲಿಲ್ಲವೇ ಮೇಷ್ಟ್ರೇ? ಎಂಟನೆಯ ತರಗತಿ, ಕಿಟಕಿಯ ಪಕ್ಕದ ಬೆಂಚು. ನೀವು ಹತ್ತುವಾಗಲೇ ಕಂಡೆ." ಸಿಕ್ಕಿತು. ಪಾಠದ ವೇಳೆಯಲ್ಲಿ ಸದಾ ಆಕಾಶವನ್ನು ನೋಡುತ್ತಿದ್ದ ಹುಡುಗ!

ಹಾರುತ್ತಿರುವಾಗ ಆ ಬಾಗಿಲು ಪ್ರಯಾಣಿಕರಿಗೆ ತೆರೆಯದು. 2001ರಲ್ಲಿ ಅಮೆರಿಕದಲ್ಲಾದ ಅನಾಹುತದ ತರುವಾಯ ಅದನ್ನು ಬಲಪಡಿಸಿ ಬೀಗವಿಕ್ಕುವ ಪದ್ಧತಿ ಬಂದಿತು. ನೆಲದ ಮೇಲಿದ್ದುದರಿಂದ ನಮಗೆ ಆ ಭಾಗ್ಯ ಲಭಿಸಿತು.

ಒಳಗೆ ಕಾಲಿಟ್ಟರೆ, ನಮ್ಮ ಮನೆಯ ಉಗ್ರಾಣವೇ ಇದಕ್ಕಿಂತ ವಿಶಾಲವೆನ್ನಬೇಕು. ವಿಮಾನವು ಏರ್‌ಬಸ್ ಎ-320 ಎಂಬ ಜಾತಿಯದು. ಇದರ ಮೊದಲ ಹಾರಾಟ 1987ರಲ್ಲಿ ನಡೆಯಿತು. ಎರಡು ಆಸನಗಳಲ್ಲಿ ಎಡಗಡೆಯದು ಕ್ಯಾಪ್ಟನ್ನನದು. ಚಕ್ರದಂತಹ ಚುಕ್ಕಾಣಿಯನ್ನು ನಿರೀಕ್ಷಿಸಿದ್ದ ನಮಗೆ ಅಲ್ಲಿ ಕಂಡುದು, ಎಡಗೈಯ ಪಕ್ಕದಲ್ಲಿ ಗೇಣುದ್ದವೂ ಇಲ್ಲದ ಒಂದು ಹಿಡಿಕೆ! ಅದನ್ನು ಬಾಗಿಸಿದರೆ ರೆಕ್ಕೆಗೆ ಹಗ್ಗವೇನೂ ಜಗ್ಗುವುದಿಲ್ಲ. ವಿದ್ಯುತ್ಸಂಕೇತವು ಗಣಕಯಂತ್ರಗಳಿಗೆ ಹೋಗಿ, ಅವು ವಿಚಾರಿಸಿ, ಬಳಿಕ ರೆಕ್ಕೆಬಾಲಗಳಿಗೆ ಆಜ್ಞೆ ಕೊಡುತ್ತವೆ. ಒಡೆಯನ ಮನವರಿತು ನಡೆಯುತ್ತಿದ್ದ ಪುಷ್ಪಕವು ನಮಗೆ ನೆನಪಾಯಿತು. ಆದರೆ ನಮ್ಮ ಪೂರ್ವಿಕರು ಇದನ್ನೆಲ್ಲ ಬಲ್ಲವರಾಗಿದ್ದರೆಂದು ವಾದಿಸುವ ಮಿತ್ರರ ಸಾಲಿಗೆ ನಾವು ಸೇರಿದವರಲ್ಲ. 'ವೈಮಾನಿಕ ಶಾಸ್ತ್ರ'ವೆಂಬ ಗ್ರಂಥವು ಇಪ್ಪತ್ತನೆಯ ಶತಮಾನದ್ದೆಂದೂ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ಬೆಂಗಳೂರಿನ ವಿಜ್ಞಾನಮಂದಿರದ ವಿದ್ವಾಂಸರು 1974ರಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಎದುರಿಗೆ ಗಾಜಿನ ಫಲಕಗಳು. ಒಂದರಲ್ಲಿ ಮೇಲರ್ಧ ನೀಲಿ, ಕೆಳಗರ್ಧ ಕಂದು: ಅದೇ ಆಕಾಶ, ಅದೇ ಭೂಮಿ. ಮೋಡದೊಳಗೆ ಏನೂ ಕಾಣದಾಗ ಆ ಗೆರೆಯೇ ದಿಗಂತ. ಅದರ ಎಡಕ್ಕೆ ವೇಗ, ಬಲಕ್ಕೆ ಎತ್ತರ. ಎಂಜಿನ್ನುಗಳ ಬಲವನ್ನು ಹೆಚ್ಚುಕಡಿಮೆ ಮಾಡುವ ಜೋಡು ಸನ್ನೆಗಳು ಇಬ್ಬರ ನಡುವೆ ಇವೆ. ಚಕ್ರಗಳನ್ನು ಇಳಿಸುವ ಸನ್ನೆಯ ತುದಿಗೆ ಪುಟ್ಟ ಚಕ್ರದ ಆಕಾರವನ್ನೇ ಕೊಟ್ಟಿದ್ದಾರೆ. ಕಣ್ಣು ಬೇರೆಡೆಯಿದ್ದರೂ ಕೈಗೆ ಗೊತ್ತಾಗಬೇಕಲ್ಲವೇ? ಇಳಿಯುವಾಗ ಯಂತ್ರವೇ ಎತ್ತರವನ್ನು ಕೂಗಿ ಹೇಳುತ್ತ, ನೆಲಕ್ಕೆ ಇಪ್ಪತ್ತಡಿಯಿರುವಾಗ 'ರಿಟಾರ್ಡ್' ಎನ್ನುತ್ತದಂತೆ. ಸನ್ನೆಗಳನ್ನು ಹಿಂದಕ್ಕೆಳೆ ಎಂದು ಅರ್ಥ. ನಮ್ಮ ಕಿವಿಗೆ ಅದು ಬೈಗುಳದ ಹಾಗಿತ್ತು.

ತಲೆಯ ಮೇಲೆ ಸಾಲುಸಾಲಾಗಿ ಗುಂಡಿಗಳು. "ಇಷ್ಟನ್ನೂ ಹೇಗಪ್ಪಾ ನೋಡುತ್ತಿರುತ್ತೀಯೆ?" ಎಂದು ಕೇಳಿದೆವು. "ನೋಡಬೇಕಾದುದಿಲ್ಲ ಮೇಷ್ಟ್ರೇ. ಹಾರುವಾಗ ಎಲ್ಲವೂ ಸರಿಯಾಗಿದ್ದರೆ ಇಲ್ಲಿ ದೀಪವೇ ಇರುವುದಿಲ್ಲ. ದೀಪ ಹತ್ತಿತೆಂದರೆ ವಿಚಾರಿಸಬೇಕು." ಕತ್ತಲೆಯೇ ಕ್ಷೇಮವೆನ್ನುವ ಸ್ಥಳವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ನಮ್ಮನ್ನು ಹೆಚ್ಚು ಕಲಕಿದುದು ಅವರ ಪಾಠಕ್ರಮ. ಬಾಯಿಗೆ ಬಂದ ಪಾಠವೇ ಪಾಠವೆಂದು ಮೂವತ್ತೈದು ವರ್ಷ ಬೋಧಿಸಿದವರು ನಾವು. ಇಲ್ಲಿ ಪಟ್ಟಿಯೆಲ್ಲ ಕಂಠಸ್ಥವಾಗಿದ್ದರೂ ನೆನಪನ್ನು ನಂಬಿ ಬಿಟ್ಟುಬಿಡುವಂತಿಲ್ಲ: ಒಬ್ಬನು ಪಟ್ಟಿ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬನು ನೋಡಿ ಉತ್ತರಿಸಬೇಕು. ಎಷ್ಟು ಸಾವಿರ ಸಲ ಹಾರಿದವನಾದರೂ ಸರಿಯೆ.

ಗಾಜಿನಾಚೆಗೆ ಓಡುದಾರಿ ಕಾಣುತ್ತಿತ್ತು. ಗುಡ್ಡದ ನೆತ್ತಿಯನ್ನು ಸಮ ಮಾಡಿ ನಿರ್ಮಿಸಿದ ದಾರಿಯದು. ಕೊನೆ ಮುಗಿದರೆ ಕಣಿವೆ. 2010ರ ಮೇ 22ರಂದು ದುಬಾಯಿಯಿಂದ ಬಂದ ಬೇರೊಂದು ಜಾತಿಯ ವಿಮಾನವು ಇದೇ ದಾರಿಯನ್ನು ದಾಟಿ ಉರುಳಿ, 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಸಹಚಾಲಕನು ಪದೇ ಪದೇ ಹೇಳಿದ್ದನೆಂದು ವಿಚಾರಣೆಯ ವರದಿ ತಿಳಿಸುತ್ತದೆ.

ಬಲಗಡೆಯ ಆಸನದಲ್ಲಿ ಎಳೆಯ ಪ್ರಾಯದ ಸಹಚಾಲಕನು ಕಾಗದಪತ್ರಗಳನ್ನು ಬರೆಯುತ್ತಿದ್ದನು. "ನೀವು ಇವನಿಗೆ ತಪ್ಪೆಂದು ಹೇಳಿದ್ದುಂಟೇ?" ಎಂದು ವಿಚಾರಿಸಿದೆವು. ಆತನು ಸಂಕೋಚಪಡಲಿಲ್ಲ. "ಇವತ್ತೇ ಹೇಳಿದೆ ಸಾರ್. ವೇಗ ಸ್ವಲ್ಪ ಹೆಚ್ಚಾಗಿತ್ತು."

"ಹೇಳಿದ, ಸರಿಮಾಡಿಕೊಂಡೆ" ಎಂದು ನಮ್ಮ ಶಿಷ್ಯನು ನಕ್ಕನು.

ನಮಗೆ ನಗು ಬರಲಿಲ್ಲ. ಒಂದು ದಿನ ಕರಿಹಲಗೆಯ ಮೇಲೆ ನಾವು ಬರೆದ ಸಂಧಿಯನ್ನು ನೋಡಿ ಇದೇ ಹುಡುಗನು, "ಅಲ್ಲಿ ದೀರ್ಘ ಬರಬೇಕಲ್ಲವೇ ಮೇಷ್ಟ್ರೇ?" ಎಂದು ಕೇಳಿದ್ದನು. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆವು. ಆ ಮಾತನ್ನು ಎತ್ತಲೋ ಬೇಡವೋ ಎಂದು ತಡೆದು, ಕೊನೆಗೆ, "ಆ ದಿನ ನೀನು ಹೇಳಿದುದೇ ಸರಿ, ಅಪ್ಪಾ" ಎಂದೆವು.

"ಗೊತ್ತು ಮೇಷ್ಟ್ರೇ. ಸಾಯಂಕಾಲ ನೀವೊಬ್ಬರೇ ಬಂದು ತಿದ್ದಿದ್ದನ್ನು ಕಿಟಕಿಯಿಂದ ನೋಡಿದೆ."

ಅಷ್ಟರಲ್ಲಿ ಕಸಗುಡಿಸುವವರು ಹತ್ತಿ ಬಂದರು. ಇಬ್ಬರೂ ಮುಂದಿನ ಪ್ರಯಾಣದ ಪಟ್ಟಿಯನ್ನು ಕೈಗೆತ್ತಿಕೊಂಡರು. ನಾವು ಕೈಚೀಲವನ್ನೆತ್ತಿಕೊಂಡು ಹೊರಟೆವು.