ಮಾವನವರ ಹಳೆಯ ಗಣಕಯಂತ್ರ

ಮನೆಯಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದ ಮೇಲೆ ಅವರ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು ನಮ್ಮೆಲ್ಲರ ಮನೆಗಳ ರೂಢಿ. ಹಿಂದೆ ಚಿತ್ರ ಉಳಿಯುತ್ತಿತ್ತು, ದನಿ ಉಳಿಯುತ್ತಿರಲಿಲ್ಲ. ಈಗ ಕೈಗೊಂದು ಫೋನು ಬಂದು ದನಿಯೂ ಉಳಿಯುವ ಕಾಲವಾಗಿದೆ. ಆದರೆ ಉಳಿದ ದನಿಯನ್ನು ಅದು ಯಾರಿಗೆ ಬೇಕೋ ಅವರ ಕಿವಿಗೆ ಮುಟ್ಟಿಸುವುದು ಬೇರೆಯೇ ಒಂದು ಕೆಲಸವೆಂಬುದು 2022ರಲ್ಲಿ ನಮ್ಮ ಅನುಭವಕ್ಕೆ ಬಂದಿತು. ನಾವು ಎಡವಿದ ಹಾಗೆ ಬೇರೆಯವರು ಎಡವದಿರಲೆಂದು ಇಲ್ಲಿ ಬರೆಯುತ್ತಿದ್ದೇವೆ.

ನಾವಿರುವುದು ಯಲಹಂಕದಲ್ಲಿ. ನಮ್ಮ ಸೋದರಮಾವನವರ ಮನೆ ಆರ್.ಟಿ. ನಗರದಲ್ಲಿ. ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯಲ್ಲಿ ದುಡಿದು 2004ರಲ್ಲಿ ನಿವೃತ್ತರಾದವರು. ಬೆಳಗಿನ ಪೂಜೆ ಮುಗಿಸಿ, ತಮ್ಮ ‘ಜನತಾ’ ಗಡಿಯಾರಕ್ಕೆ ಕೀಲಿ ಕೊಟ್ಟ ಮೇಲೆಯೇ ಅವರಿಗೆ ತಿಂಡಿ. ಮಕ್ಕಳಿಲ್ಲ. ನಿವೃತ್ತಿಯ ಹಣದಲ್ಲಿ ಮರುವರ್ಷ ಅವರು ಕೊಂಡ ಗಣಕಯಂತ್ರ ಇಂದಿಗೂ ನಡುಮನೆಯ ಮೂಲೆಯಲ್ಲಿದೆ: ವಿಂಡೋಸ್ ಎಕ್ಸ್‌ಪಿ, 17 ಅಂಗುಲದ ಡಬ್ಬದಂಥ ಪರದೆ, ಎರಡು ಪುಟ್ಟ ಸ್ಪೀಕರುಗಳು. ಅಂತರ್ಜಾಲದ ತಂತಿ ಅದಕ್ಕೆ ಎಂದೂ ತಗುಲಿಲ್ಲ.

ಅತ್ತೆಯವರು 2021ರಲ್ಲಿ ನಮ್ಮನ್ನಗಲಿದರು. ಅದಕ್ಕೂ ಮುಂಚೆ, 2019ರ ಕಾರ್ತಿಕ ಮಾಸದಲ್ಲಿ, ನಮ್ಮ ಮನೆಗೆ ಬಂದಿದ್ದಾಗ ನಮ್ಮ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಲಿಂಗಪೂಜೆಯ ಕ್ರಮ ಹೇಳಿಕೊಟ್ಟಿದ್ದರು. ಲಿಂಗವಸ್ತ್ರ ಬಿಚ್ಚುವುದು ಹೇಗೆ, ವಿಭೂತಿ ಎಷ್ಟು, ಪತ್ರೆಯನ್ನು ಹೇಗಿಡಬೇಕು ಎಂದು ನಡುನಡುವೆ ಗದರುತ್ತ, ನಗುತ್ತ ಹೇಳಿದ್ದನ್ನು ಫೋನಿನಲ್ಲಿ ಏಳು ನಿಮಿಷ ಹಿಡಿದಿಟ್ಟಿದ್ದೆವು. ಆಮೇಲೆ ಮರೆತೂಬಿಟ್ಟಿದ್ದೆವು. ಅವರ ಮೊದಲ ವರ್ಷದ ಪುಣ್ಯಸ್ಮರಣೆಯ ಹೊತ್ತಿಗೆ ಅದು ಕಣ್ಣಿಗೆ ಬಿದ್ದಿತು.

ಫೋನಿನಲ್ಲೇ ತೋರಿಸಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ತೋರಿಸಿದೆವು. ಸಕ್ಕರೆ ಕಾಯಿಲೆಯಿಂದ ಮಂಜಾದ ಕಣ್ಣಿಗೆ ಅಂಗೈಯಷ್ಟು ಚಿತ್ರ ಕಾಣಲಿಲ್ಲ. ಕಿವಿಯ ಹತ್ತಿರ ಹಿಡಿದರೆ ಶ್ರವಣಯಂತ್ರ ಸಿಳ್ಳು ಹಾಕಿತು. ಅವರು ಫೋನನ್ನು ಮೆಲ್ಲಗೆ ಹಿಂದಿರುಗಿಸಿ, “ಪ್ರತಿ ಸಲವೂ ನಿಮ್ಮ ದಾರಿ ಕಾಯಲಾದೀತೇನಯ್ಯ? ನನ್ನ ಕಂಪ್ಯೂಟರಿಗೆ ಹಾಕಿಕೊಡಿ. ನೋಡಬೇಕೆನಿಸಿದಾಗ ನಾನೇ ನೋಡಿಕೊಳ್ಳುತ್ತೇನೆ” ಎಂದರು. ಒಬ್ಬರೇ ಕುಳಿತು ನೋಡಬೇಕೆಂಬ ಅವರ ಮನಸ್ಸು ನಮಗೆ ಅರ್ಥವಾಯಿತು. ಜೊತೆಗೊಂದು ಕರಾರನ್ನೂ ಹಾಕಿದರು: “ಆದರೆ ಅದರೊಳಕ್ಕೆ ಹೊಸದೇನನ್ನೂ ತುಂಬಬೇಡಿ.”

ಆ ಕರಾರಿಗೆ ಕಾರಣವಿತ್ತು. 2016ರಲ್ಲಿ ಯಾವುದೋ ಅಂಗಡಿಯವರು ಎಲ್ಲ ಬಗೆಯ ವಿಡಿಯೋಗಳೂ ಓಡಲೆಂದು ಒಂದು ಕಂತೆ ತಂತ್ರಾಂಶವನ್ನು ಅದಕ್ಕೆ ಸೇರಿಸಿದ್ದರು. ಯಂತ್ರ ಸ್ತಬ್ಧವಾಯಿತು. ಸರಿಪಡಿಸುತ್ತೇವೆಂದು ಒಯ್ದವರು ಒಳಗಿದ್ದುದನ್ನೆಲ್ಲ ಅಳಿಸಿ ಕೊಟ್ಟರು. ಅತ್ತೆ-ಮಾವ ಕಾಶಿಗೆ ಹೋಗಿಬಂದ ಚಿತ್ರಗಳು, ಮಾವನವರು ವರ್ಷಗಟ್ಟಲೆ ಬೆರಳಚ್ಚಿಸಿದ್ದ ವಂಶಾವಳಿ, ಎಲ್ಲವೂ ಹೋದವು. ಇಂಥವರಿಗೆ ‘ಹೊಸ ಯಂತ್ರ ಕೊಳ್ಳಿ’ ಎಂದು ಉಪದೇಶಿಸುವುದು ಸುಲಭ. ಮಾವನವರ ಬೆರಳಿಗೆ ಗೊತ್ತಿರುವುದು ಆ ಒಂದೇ ಯಂತ್ರ. ಅದನ್ನು ಕಸಿದು ಹೊಸದನ್ನಿಟ್ಟರೆ ನಾವು ಕೊಟ್ಟಂತಾಗುವುದಕ್ಕಿಂತ ಕಿತ್ತುಕೊಂಡಂತೆಯೇ ಆಗುತ್ತಿತ್ತು.

ಮೊದಲ ಭಾನುವಾರ ಪೆನ್‌ಡ್ರೈವಿನಲ್ಲಿ ವಿಡಿಯೋವನ್ನು ತುಂಬಿಕೊಂಡು ಹೆಬ್ಬಾಳದ ಮೇಲುಸೇತುವೆ ದಾಟಿ ಹೋದೆವು. ಪೆನ್‌ಡ್ರೈವನ್ನೇ ಯಂತ್ರ ಗುರುತಿಸಲಿಲ್ಲ! ಹೊಸ ಪೆನ್‌ಡ್ರೈವುಗಳನ್ನು ಎಷ್ಟೋ ಸಲ ‘ಎಕ್ಸ್‌ಫ್ಯಾಟ್’ ಎಂಬ ಕ್ರಮದಲ್ಲಿ ಅಣಿಗೊಳಿಸಿರುತ್ತಾರೆ. ಹಳೆಯ ಎಕ್ಸ್‌ಪಿಗೆ ‘ಫ್ಯಾಟ್32’ ಬೇಕು. ಅದನ್ನು ಸರಿಪಡಿಸಿಕೊಂಡು ಮುಂದಿನ ವಾರ ಹೋದರೆ, ಈ ಕಡತವನ್ನು ಓಡಿಸಲಾಗದು ಎಂಬ ಸಂದೇಶ ಪರದೆಯ ಮೇಲೆ ಮೂಡಿತು. ಕಡತದ ಹೆಸರಿನ ಕೊನೆಯಲ್ಲಿದ್ದ ಎಂ.ಪಿ.4 ಎಂಬುದನ್ನು ಅಳಿಸಿ ಎಂ.ಪಿ.ಜಿ. ಎಂದು ಬರೆದೆವು. ಡಬ್ಬಿಯ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಉಪ್ಪು ಸಕ್ಕರೆಯಾದೀತೇ? ಮಾವನವರು ಏನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನಾಚಿಕೆಯಾಯಿತು.

ವಿಷಯವನ್ನು ಸ್ವಲ್ಪ ವಿವರಿಸಬೇಕು. ವಿಡಿಯೋ ಕಡತವೆಂಬುದು ಒಂದು ಪೆಟ್ಟಿಗೆ. ಅದರೊಳಗೆ ಚಿತ್ರ ಒಂದು ಸಂಕೇತಕ್ರಮದಲ್ಲಿ, ಧ್ವನಿ ಇನ್ನೊಂದು ಸಂಕೇತಕ್ರಮದಲ್ಲಿ ಅಡಕವಾಗಿರುತ್ತವೆ. ಇವುಗಳನ್ನು ಬಿಡಿಸಬಲ್ಲ ತಂತ್ರಾಂಶ ಯಂತ್ರದಲ್ಲಿ ಇರಬೇಕು. ಎಕ್ಸ್‌ಪಿ ಹೊರಬಂದದ್ದು 2001ರಲ್ಲಿ. ಎಚ್.264 ಎಂಬ ಕ್ರಮ ಸಿದ್ಧವಾದದ್ದು 2003ರಲ್ಲಿ, ನಮ್ಮ ಫೋನು ಬಳಸಿದ್ದ ಎಚ್.265 ಬಂದದ್ದು 2013ರಲ್ಲಿ. ಹುಟ್ಟುವ ಮೊದಲೇ ಲಿಪಿಯನ್ನು ಓದು ಎಂದರೆ ಆ ಯಂತ್ರ ಹೇಗೆ ಓದೀತು? ಎಚ್.264ನ್ನು ತಾನೇ ಬಿಡಿಸುವ ಶಕ್ತಿ ವಿಂಡೋಸ್‌ಗೆ ಬಂದದ್ದೇ 2009ರ ‘ವಿಂಡೋಸ್ 7’ರಲ್ಲಿ. ವಿ.ಎಲ್.ಸಿ.ಯಂಥ ಪುಕ್ಕಟೆ ತಂತ್ರಾಂಶ ಹಾಕಿದರಾಯಿತು ಎಂದು ತಿಳಿದವರು ಹೇಳುತ್ತಾರೆ. ಮಾವನವರ ಕರಾರು ಒತ್ತಟ್ಟಿಗಿರಲಿ, ಎಚ್.265ರ ದೊಡ್ಡ ಚಿತ್ರವನ್ನು ಬಿಡಿಸಲು ಬೇಕಾದ ವೇಗವೇ ಆ ಮುದಿ ಯಂತ್ರಕ್ಕಿರಲಿಲ್ಲ. ಅಂತರ್ಜಾಲಕ್ಕೆ ಜೋಡಿಸೋಣವೆಂದರೆ, ಎಕ್ಸ್‌ಪಿಗೆ ಕಂಪನಿಯ ರಕ್ಷಣೆ 2014ರ ಏಪ್ರಿಲ್‌ಗೇ ನಿಂತುಹೋಗಿದೆ.

ಆದ್ದರಿಂದ ಬದಲಾಗಬೇಕಾದದ್ದು ಯಂತ್ರವಲ್ಲ, ಕಡತ. ಅದೂ ನಮ್ಮ ಮನೆಯಲ್ಲಿ. 2000ದಲ್ಲಿ ಆರಂಭವಾದ ‘ಎಫ್‌ಎಫ್‌ಎಂಪೆಗ್’ ಎಂಬ ಪುಕ್ಕಟೆ ಸಾಧನವಿದೆ. ಒಂದು ಕ್ರಮದ ವಿಡಿಯೋವನ್ನು ಇನ್ನೊಂದಕ್ಕೆ ತಿರುಗಿಸುವುದರಲ್ಲಿ ನಿಪುಣ. ಅದನ್ನು ಯಲಹಂಕದ ನಮ್ಮ ಹೊಸ ಯಂತ್ರದಲ್ಲಿ ಹಾಕಿಕೊಂಡೆವು. ಅವಸರದಲ್ಲಿ ಚಿತ್ರವನ್ನಷ್ಟೇ ಹಳೆಯ ಕ್ರಮಕ್ಕೆ ತಿರುಗಿಸಿ, ಧ್ವನಿಯನ್ನು ಫೋನು ಕೊಟ್ಟ ಎ.ಎ.ಸಿ. ರೂಪದಲ್ಲೇ ಬಿಟ್ಟೆವು.

ಮೂರನೆಯ ಭಾನುವಾರ ಮಾವನವರ ಪರದೆಯ ಮೇಲೆ ಅತ್ತೆ ಮೂಡಿದರು. ಕೈ ಆಡಿತು, ತುಟಿ ಆಡಿತು. ಮಾತು ಮಾತ್ರ ಬರಲಿಲ್ಲ. ಮಾವನವರು ಸ್ಪೀಕರಿನ ತಿರುಪು ತಿರುಗಿಸಿದರು, ತಂತಿ ಅಲುಗಿಸಿದರು, ಶ್ರವಣಯಂತ್ರವನ್ನು ತೆಗೆದು ಮತ್ತೆ ಹಾಕಿಕೊಂಡರು. ತಪ್ಪು ತಮ್ಮ ಕಿವಿಯದೇ ಎಂದುಕೊಂಡಿದ್ದರು. ಕೊನೆಗೆ, “ಇಲ್ಲಿಯೂ ಹಾಗೆಯೇ ಆಯಿತಲ್ಲ” ಎಂದರು.

‘ಇಲ್ಲಿಯೂ’ ಎಂದದ್ದೇಕೆ? ನಮ್ಮ ಮದುವೆ 2003ರಲ್ಲಿ ಯಶವಂತಪುರದ ಕಲ್ಯಾಣ ಮಂಟಪವೊಂದರಲ್ಲಿ ನಡೆಯಿತು. ಅದರ ವಿ.ಸಿ.ಡಿ. ಮಾವನವರ ಬಳಿ ಇದೆ. ಅದರಲ್ಲಿ ಅತ್ತೆ ಬೀಗರಿಗೆ ಉಪಚಾರ ಹೇಳುತ್ತ ಪಂಕ್ತಿಯ ಉದ್ದಕ್ಕೂ ಓಡಾಡುತ್ತಾರೆ. ಆದರೆ ಆ ಕಾಲದ ವಿಡಿಯೋದವರ ಪದ್ಧತಿಯಂತೆ ಮಾತೆಲ್ಲ ಅಳಿಸಿ ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿದ್ದಾರೆ. ಮಾವನವರು ಆ ಮೂಕ ಓಡಾಟವನ್ನೇ ಒಂದು ವರ್ಷದಿಂದ ನೋಡುತ್ತಿದ್ದರಂತೆ.

ಮನಸ್ಸು ಭಾರವಾಯಿತಾದರೂ ನಮಗೆ ದಾರಿ ತೋರಿದ್ದು ಆ ಮದುವೆಯ ವಿ.ಸಿ.ಡಿ.ಯೇ. ಅದು ಈ ಯಂತ್ರದಲ್ಲಿ ಸಲೀಸಾಗಿ ಓಡುತ್ತದೆ, ಹಾಡು ಕೇಳುತ್ತದೆ. ಹಾಗಾದರೆ ಈ ಯಂತ್ರಕ್ಕೆ ಏನು ಪಥ್ಯವೋ ಅದನ್ನೇ ಉಣಬಡಿಸೋಣ ಎಂದುಕೊಂಡೆವು. ವಿ.ಸಿ.ಡಿ. ಎಂಬುದು 1993ರ ಪದ್ಧತಿ; ಒಳಗಿರುವುದು ಎಂಪೆಗ್-1 ಚಿತ್ರ, ಎಂ.ಪಿ.2 ಧ್ವನಿ. ಎಕ್ಸ್‌ಪಿ ಇವೆರಡನ್ನೂ ಹುಟ್ಟಿನಿಂದಲೇ ಬಲ್ಲದು. ಎಫ್‌ಎಫ್‌ಎಂಪೆಗ್‌ನಲ್ಲಿ ‘ಟಾರ್ಗೆಟ್’ ಎಂದು ಹೇಳಿ ‘ಪಾಲ್-ವಿಸಿಡಿ’ ಎಂದರೆ ಸಾಕು, ಉಳಿದ ಲೆಕ್ಕವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ: ಅಗಲ 352 ಬಿಂದು, ಎತ್ತರ 288, ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 1150 ಕಿಲೋಬಿಟ್, ಧ್ವನಿಗೆ 224. ನಿಮಿಷಕ್ಕೆ ಸುಮಾರು 10 ಎಂ.ಬಿ. ಆಗುತ್ತದೆ. 400 ಎಂ.ಬಿ. ದಾಟಿದ್ದ ನಮ್ಮ ಕಡತ 72ಕ್ಕೆ ಇಳಿಯಿತು. ಚಿತ್ರದ ಬಿಂದುಗಳು ಇಪ್ಪತ್ತರಲ್ಲಿ ಒಂದು ಪಾಲಷ್ಟೇ ಉಳಿದವು. ಸೀರೆಯ ಅಂಚಿನ ಕುಸುರಿ ಕಾಣದು. ದನಿಗೆ ಮಾತ್ರ ಹೇಳುವಂಥ ಊನವಿಲ್ಲ.

ಓಲೆಗರಿಯಲ್ಲಿದ್ದ ವಚನಗಳನ್ನು ಹುಡುಕಿ ತೆಗೆದು 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಅಚ್ಚು ಮಾಡಿಸಿದ ಹಳಕಟ್ಟಿಯವರು ಆ ರಾತ್ರಿ ನೆನಪಾದರು. ಗರಿಯನ್ನು ಓದಬಲ್ಲವರು ಕಡಿಮೆಯಾದಾಗ ಓದುವವರ ಕೈಗೆಟಕುವ ರೂಪಕ್ಕೆ ಮಾತನ್ನು ತಂದವರು ಅವರು. ನಮ್ಮ ಏಳು ನಿಮಿಷಕ್ಕೆ ಈ ಹೋಲಿಕೆ ಅತಿಯಾಯಿತು, ಬಲ್ಲೆವು. ನಾವು ಮಾಡಿದ್ದಾದರೂ ಹೊಸದನ್ನು ಹಳತಾಗಿಸುವ ತಲೆಕೆಳಗಿನ ಕೆಲಸ.

ಒಂದು ತೊಡಕು ಉಳಿದಿತ್ತು. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಚಿತ್ರವಾದ್ದರಿಂದ, ಅಡ್ಡ ಚೌಕಕ್ಕೆ ಹಿಗ್ಗಿಸಿದಾಗ ಅತ್ತೆ ಎರಡು ಪಟ್ಟು ದಪ್ಪವಾಗಿ ಕಂಡರು. ನಾವು ಗಮನಿಸದೆ ಒಯ್ದಿದ್ದೆವು. ಪರದೆ ನೋಡಿದ ಮಾವನವರು ಗಟ್ಟಿಯಾಗಿ ನಕ್ಕುಬಿಟ್ಟರು. “ಇವಳು ಯಾವ ಕಾಲಕ್ಕೂ ಇಷ್ಟು ಮೈ ತುಂಬಿಕೊಂಡಿರಲಿಲ್ಲ, ಕೇಳಿಸಿಕೊಂಡಿದ್ದರೆ ಬಿಡುತ್ತಿರಲಿಲ್ಲ!” ಅವರು ನಕ್ಕದ್ದನ್ನು ನಾವು ಕಂಡು ವರ್ಷವಾಗಿತ್ತು. ಆಮೇಲೆ ಎಡಬಲಕ್ಕೆ ಕಪ್ಪು ಪಟ್ಟಿ ಸೇರಿಸಿ ಅದನ್ನು ಸರಿಪಡಿಸಿದೆವು.

ಆದರೆ ಆ ದಿನ ದನಿ ಬಂದಿತು. “ಆತುರ ಬೇಡ ಮಗಳೇ, ಮೊದಲು ಕೈ ಒರೆಸಿಕೋ” ಎಂಬ ಮಾತು ಆ ಪುಟ್ಟ ಸ್ಪೀಕರುಗಳಿಂದ ಹೊರಟು ನಡುಮನೆಯನ್ನು ತುಂಬಿತು. ಮಾವನವರು ನಗುವುದನ್ನು ನಿಲ್ಲಿಸಿದರು. ಕೊನೆಯ ಅರ್ಧ ನಿಮಿಷವನ್ನು ನಾವೇ ಮರೆತಿದ್ದೆವು: ಪೂಜೆ ಮುಗಿಸಿ ಏಳುತ್ತ ಅತ್ತೆ ಫೋನು ಹಿಡಿದವರ ಕಡೆ ತಿರುಗಿ, “ಅವರಿಗೆ ಕಾಫಿ ಆಯಿತೇ?” ಎಂದು ಕೇಳುತ್ತಾರೆ. ಅಂದು ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದವರನ್ನು ಕುರಿತು ಕೇಳಿದ ಮಾತು. “ಆಯಿತು, ಆಯಿತು” ಎಂದರು ಮಾವನವರು, ಪರದೆಗೆ. ನಾವು ಹಿತ್ತಲಿನ ಕಡೆ ಹೋದೆವು.

ಪೆನ್‌ಡ್ರೈವೆಂದರೆ ಅವರಿಗೆ ನಂಬಿಕೆಯಿಲ್ಲ, ಸಿ.ಡಿ. ಬೇಕೆಂದರು. ಖಾಲಿ ಸಿ.ಡಿ.ಗಾಗಿ ಯಲಹಂಕದ ಹಳೇಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆವು. ಕೊನೆಗೊಬ್ಬರು ಧೂಳು ಕೊಡವಿ ಎರಡನ್ನು ಕೊಟ್ಟರು. ಸರಿಪಡಿಸಿದ ವಿಡಿಯೋವನ್ನು ವಿ.ಸಿ.ಡಿ. ವಿನ್ಯಾಸದಲ್ಲೇ ಬರೆದು ತಂದುಕೊಟ್ಟೆವು. ಮಾವನವರು ಅದರ ಮೇಲೆ ಸ್ಕೆಚ್ ಪೆನ್ನಿನಿಂದ ದುಂಡಗಿನ ಅಕ್ಷರಗಳಲ್ಲಿ ‘ಯಲಹಂಕ, ಕಾರ್ತಿಕ, 2019, ಧ್ವನಿ ಇದೆ’ ಎಂದು ಬರೆದು, ನಮ್ಮ ಮದುವೆಯ ವಿ.ಸಿ.ಡಿ.ಯ ಪಕ್ಕದಲ್ಲಿಟ್ಟರು. ಎರಡನೆಯ ಖಾಲಿ ಸಿ.ಡಿ.ಯನ್ನೂ ಕೇಳಿ ಪಡೆದುಕೊಂಡರು, ಇನ್ನೇನಾದರೂ ಸಿಕ್ಕೀತು, ಹುಡುಕಿ ಎಂದು.