ಗಡಿಯಲ್ಲಿದ್ದವರು

ನನ್ನಲ್ಲಿ ವಿಜ್ಞಾನ ಓದಿದವರಿಗೆ ಶ್ರುತಿಕವೆಯ ನೆನಪಿದ್ದೀತು. ರಬ್ಬರಿನ ತುಂಡಿಗೆ ಬಡಿದು ನಿಮ್ಮ ಕಿವಿಯ ಬಳಿ ಹಿಡಿಯುತ್ತಿದ್ದೆ. ಕಡೆಯ ಬೆಂಚಿನವರು ಅದನ್ನು ಹಲ್ಲಿಗೆ ತಾಗಿಸಿಕೊಂಡು ಬೈಸಿಕೊಳ್ಳುತ್ತಿದ್ದಿರಿ. ಅದೇ ಶ್ರುತಿಕವೆ ಕಳೆದ ಬೇಸಿಗೆಯಲ್ಲಿ ನನ್ನನ್ನೇ ಪರೀಕ್ಷೆಗೆ ಕೂರಿಸಿತು.

ನಿವೃತ್ತನಾದ ಹೊಸದರಲ್ಲಿ, 2017ರಲ್ಲಿ, ಬರಿಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆ 118 ಬಂದಿತ್ತು. 126 ಮುಟ್ಟಿದರೆ ಮಧುಮೇಹ. 100ರಿಂದ 125ರವರೆಗೆ ಗಡಿ. "ಬಾರ್ಡರ್ ಅಷ್ಟೇ ಮೇಷ್ಟ್ರೇ, ಸಿಹಿ ಕಡಿಮೆ ಮಾಡಿ" ಎಂದರು ವೈದ್ಯರು. ಆ 'ಅಷ್ಟೇ' ಎಂಬುದನ್ನು ನಾನು ಮೂವತ್ತೈದು ಅಂಕ ಪಡೆದು ಪಾಸಾದ ಹುಡುಗನಂತೆ ಕೇಳಿಸಿಕೊಂಡೆ. ಮತ್ತೆ ಬನ್ನಿ ಎಂದು ಅವರು ಹೇಳಲಿಲ್ಲ, ನಾನೂ ಹೋಗಲಿಲ್ಲ. ಗಡಿಯಲ್ಲಿರುವ ಹುಡುಗರ ಪಟ್ಟಿಯನ್ನು ಜನವರಿಯಲ್ಲೇ ಮಾಡಿ, ವಿಶೇಷ ತರಗತಿಗೆ ಬಾರದವರ ಮನೆಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದವನು ನಾನೇ ಎಂಬುದು ಈಗ ನಗೆ ತರಿಸುತ್ತದೆ.

ಕಳೆದ ಏಪ್ರಿಲ್‌ನಲ್ಲಿ ದೇವಸ್ಥಾನವೊಂದಕ್ಕೆ ಹೋಗಿದ್ದೆವು. ನಡುಮಧ್ಯಾಹ್ನ, ಪ್ರಾಕಾರದ ಕಲ್ಲು ಕಾದ ಹೆಂಚಿನಂತಿತ್ತು. ನನ್ನ ಶ್ರೀಮತಿ ನೆರಳಿನಿಂದ ನೆರಳಿಗೆ ಓಡಿದಳು. ನಾನು ನಿಧಾನವಾಗಿ ಮೂರು ಪ್ರದಕ್ಷಿಣೆ ಮುಗಿಸಿದೆ. ಭಕ್ತಿಯ ಬಲವೆಂದು ಒಳಗೊಳಗೇ ಹೆಮ್ಮೆಯೂ ಆಯಿತೆನ್ನಿ! ರಾತ್ರಿ ಕಾಲೊರಸಿನ ಮೇಲೆ ಒದ್ದೆಯ ಗುರುತು ಕಂಡವಳು ಅವಳು. ಅಂಗಾಲಿನಲ್ಲಿ ಗುಳ್ಳೆ ಎದ್ದು ಒಡೆದಿತ್ತು. ನನಗೆ ನೋವೇ ಇರಲಿಲ್ಲ.

ಪಾದ ಚಿಕಿತ್ಸೆಯ ವಿಭಾಗದ ವೈದ್ಯೆ ಶ್ರುತಿಕವೆ ತೆಗೆದಾಗ ನಾನು ಬೆರಗಾದೆ. ನಮ್ಮ ಪ್ರಯೋಗಾಲಯದಲ್ಲಿದ್ದವು 256ರಿಂದ 512 ಹರ್ಟ್ಸಿನವು; ಇದು 128ರದು. ಹೆಬ್ಬೆರಳಿನ ಮೂಳೆಯ ಮೇಲಿಟ್ಟು, "ಕಂಪನ ನಿಂತಾಗ ಹೇಳಿ ಸರ್" ಎಂದರು. ನಿಂತಿತು ಎಂದೆ. ಅದನ್ನೇ ನನ್ನ ಮಣಿಕಟ್ಟಿಗೆ ಇಟ್ಟರು; ಕವೆ ಇನ್ನೂ ಗುಯ್‌ಗುಡುತ್ತಿತ್ತು. ಆಮೇಲೆ ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿದರು. ಎರಡು ಕಡೆ ನನಗೆ ತಿಳಿಯಲೇ ಇಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ಎಚ್‌ಬಿಎ1ಸಿ 6.3, ಅಂದರೆ ಈಗಲೂ ಗಡಿಯೊಳಗೇ! ಬಿ12 ಜೀವಸತ್ವದ ಕೊರತೆಯಿಂದಲೂ ಹೀಗಾಗಬಹುದೆಂದು ಅದನ್ನೂ ನೋಡಿದರು, ಅದು ಸರಿಯಾಗಿತ್ತು. ಗಡಿ ದಾಟುವ ಮೊದಲೇ ಕೆಲವರ ನರಗಳು ಸವೆಯತೊಡಗುತ್ತವೆಂದು ಅಂದು ತಿಳಿದೆ.

ಗಾಯ ಮಾಯಲು ಐದು ವಾರ ಬೇಕಾಯಿತು. ಈಗ ರಾತ್ರಿ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡಿಕೊಳ್ಳುತ್ತೇನೆ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸುತ್ತೇನೆ. ಮನೆಯೊಳಗೂ ಮೆತ್ತನೆಯ ಎಂಸಿಆರ್ ಚಪ್ಪಲಿ. ಅಡುಗೆಮನೆಯ ಹೊಸ್ತಿಲಿನಲ್ಲಿ ಅದಕ್ಕಾಗಿ ದಿನವೂ ಒಂದು ಸಣ್ಣ ಜಗಳ. ಮೂರು ತಿಂಗಳಿಗೊಮ್ಮೆ ಆ ವಿಭಾಗದಿಂದ ದೂರವಾಣಿ ಕರೆ ಬರುತ್ತದೆ, ತಪ್ಪಿಸಿಕೊಳ್ಳುವಂತಿಲ್ಲ.

ಊರಿನಲ್ಲಿರುವ ನನ್ನ ತಮ್ಮನಿಗೂ ಮೂರು ವರ್ಷದ ಹಿಂದೆ 'ಬಾರ್ಡರ್ ಅಷ್ಟೇ' ಎಂದಿದ್ದರಂತೆ. ಫೋನಿನಲ್ಲಿ ಹೇಳಿದರೆ ಹೂಂಗುಟ್ಟಿ ಸುಮ್ಮನಾಗುತ್ತಾನೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಅವನ ಮನೆಗೆ ಹೊರಟಿದ್ದೇನೆ.